ಬ್ಯಾಂಕು ಮುಳುಗುತ್ತದೆಯೇ ಎಂದು ಕೇಳುವವರಿಗೆ

ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ದುಡಿದು, ನಿವೃತ್ತನಾಗಿ ರಾಯಚೂರಿನಲ್ಲಿ ನೆಲೆ ನಿಂತಿರುವ ನನ್ನನ್ನು ಕಂಡ ಕೂಡಲೇ ಜನರಿಗೆ ನೆನಪಾಗುವ ಪ್ರಶ್ನೆ ಒಂದೇ: ನಮ್ಮ ದೇಶದ ಬ್ಯಾಂಕುಗಳು ಗಟ್ಟಿ ಇವೆಯೇ? ಕ್ಷೌರದಂಗಡಿಯಲ್ಲಿ, ಬಸ್ಸಿನಲ್ಲಿ, ಒಮ್ಮೆಯಂತೂ ಸಾವಿನ ಮನೆಯಲ್ಲಿಯೂ ಇದನ್ನು ಕೇಳಿಸಿಕೊಂಡಿದ್ದೇನೆ. ಬಾಯಲ್ಲಿ ಹೇಳಿ ಸಾಕಾಗಿರುವುದರಿಂದ ಇನ್ನು ಮುಂದೆ ಕೇಳಿದವರಿಗೆಲ್ಲ ಈ ಬರಹವನ್ನೇ ಕಳುಹಿಸುತ್ತೇನೆ.

ಗಟ್ಟಿ ಇವೆ. 2018ರ ಮಾರ್ಚಿನಲ್ಲಿ ಭಾರತದ ವಾಣಿಜ್ಯ ಬ್ಯಾಂಕುಗಳು ಕೊಟ್ಟಿದ್ದ ಸಾಲದಲ್ಲಿ ಶೇಕಡಾ 11ಕ್ಕೂ ಹೆಚ್ಚು ಭಾಗ ವಸೂಲಾಗದ ಸಾಲವಾಗಿತ್ತು. 2024ರ ಮಾರ್ಚಿಗೆ ಅದು ಶೇಕಡಾ 3ರ ಕೆಳಗೆ ಇಳಿಯಿತು. ನಷ್ಟ ತಾಳಿಕೊಳ್ಳಲು ಬ್ಯಾಂಕು ತನ್ನ ಬಳಿ ಇಟ್ಟುಕೊಳ್ಳಬೇಕಾದ ಬಂಡವಾಳ ರಿಸರ್ವ್ ಬ್ಯಾಂಕಿನ ನಿಯಮದಂತೆ, ಅಪಾಯಕ್ಕೆ ತಕ್ಕಂತೆ ತೂಗಿದ ಸಾಲ-ಹೂಡಿಕೆಗಳ ಶೇಕಡಾ 11.5 ಇದ್ದರೆ ಸಾಕು. ಇಡೀ ವಲಯದ ಲೆಕ್ಕ ಹಿಡಿದರೆ ಅದು ಶೇಕಡಾ 16ನ್ನು ದಾಟಿದೆ. ಇಷ್ಟಕ್ಕೆ ಸಮಾಧಾನವಾಗುವವರು ಇಲ್ಲಿಗೇ ಓದು ನಿಲ್ಲಿಸಬಹುದು.

ಆದರೆ ಯಾರಿಗೂ ಸಮಾಧಾನವಾಗುವುದಿಲ್ಲ, ಏಕೆಂದರೆ ಅವರು ಕೇಳುತ್ತಿರುವುದು ಅದನ್ನಲ್ಲ. ಹೋದ ವರ್ಷ ಸಿಂಧನೂರಿನ ಒಂದು ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಕುಳಿತಿದ್ದಾಗ, ಪಕ್ಕದಲ್ಲಿದ್ದ ನಮ್ಮ ಬೀಗರೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ, “ಮ್ಯಾನೇಜರ್ ಸಾಹೇಬ್ರ, ಖರೇ ಹೇಳ್ರಿ, ಮೊದ್ಲು ಯಾವ ಬ್ಯಾಂಕ್ ಮುಳಗತೈತಿ?” ಎಂದರು. ಮುಳುಗುವ ಬ್ಯಾಂಕುಗಳ ಪಟ್ಟಿ ನನ್ನ ಅಂಗಿಯ ಜೇಬಿನಲ್ಲಿಯೇ ಇದೆ ಎಂಬಂತಿತ್ತು ಅವರ ದನಿ. ನಾನು ತಾಳ್ಮೆಯಿಂದಲೇ ವಿವರಿಸಿದೆ: ಯಾವುದೇ ಬ್ಯಾಂಕಿನಲ್ಲಿ ಒಬ್ಬರ ಹೆಸರಿನಲ್ಲಿರುವ ಠೇವಣಿಗೆ, ಅಸಲು ಬಡ್ಡಿ ಎರಡೂ ಸೇರಿ, ಐದು ಲಕ್ಷ ರೂಪಾಯಿಯವರೆಗೆ ವಿಮೆ ಇದೆ, 2020ರ ಫೆಬ್ರವರಿಗೆ ಮೊದಲು ಇದು ಒಂದೇ ಲಕ್ಷವಿತ್ತು, ಹಲವು ಶಾಖೆಗಳಲ್ಲಿ ಹಂಚಿ ಇಟ್ಟರೂ ಬ್ಯಾಂಕು ಒಂದೇ ಆಗಿದ್ದರೆ ಮಿತಿಯೂ ಒಂದೇ. ಅವರು ಅಗಿಯುವುದನ್ನು ನಿಲ್ಲಿಸಿ, “ವಿಮಾ ಮಾಡ್ಸ್ಯಾರಂದ್ರ ಮುಳಗತಾವ ಅಂತನ ಆತಲ್ರಿ!” ಎಂದರು. ಕೈತೊಳೆಯುವ ಹೊತ್ತಿಗೆ, ಬ್ಯಾಂಕುಗಳು ಮುಳುಗುತ್ತವೆಂದು ನಾನೇ ಹೇಳಿದೆನೆಂಬ ಸುದ್ದಿ ವರನ ಕಡೆಯವರಿಗೂ ತಲುಪಿತ್ತು. ಮರುವಾರ ಆ ಮಹಾನುಭಾವರು ಬ್ಯಾಂಕಿನ ಠೇವಣಿಯನ್ನು ಅವಧಿಗೆ ಮುಂಚೆಯೇ ಮುರಿಸಿ, ಶೇಕಡಾ ಒಂದರಷ್ಟು ಹೆಚ್ಚು ಬಡ್ಡಿ ಕೊಡುವ ಪತ್ತಿನ ಸಹಕಾರಿ ಸಂಘವೊಂದರಲ್ಲಿ ಇಟ್ಟರು. ಅಂಥ ಸಂಘಗಳ ಠೇವಣಿಗೆ ಆ ವಿಮೆಯೇ ಇಲ್ಲ.

ಸರ್ಕಾರಿ ಬ್ಯಾಂಕೆಂದರೆ ಸಾಕು ಎನ್ನುವವರು ಇನ್ನೊಂದು ಗುಂಪು. ನಮ್ಮ ಭಾಗದ ಹಿರಿಯರು ಇಂದಿಗೂ “ಹೈದರಾಬಾದ್ ಬ್ಯಾಂಕಿಗೆ ಹೋಗಿ ಬರ್ತೀನಿ” ಎನ್ನುತ್ತಾರೆ. ನಿಜಾಮರ ಕಾಲದಲ್ಲಿ, 1941ರಲ್ಲಿ ಹುಟ್ಟಿದ ಆ ಬ್ಯಾಂಕು 2017ರ ಏಪ್ರಿಲ್‌ನಲ್ಲಿ ಸ್ಟೇಟ್ ಬ್ಯಾಂಕಿನೊಳಗೆ ಸೇರಿಹೋಯಿತು. 2017ರಲ್ಲಿ 27 ಇದ್ದ ಸರ್ಕಾರಿ ಬ್ಯಾಂಕುಗಳು 2020ರ ಹೊತ್ತಿಗೆ 12 ಆದವು. ಬೋರ್ಡು ಬದಲಾಯಿತು, ಪಾಸ್‌ಬುಕ್ಕಿನ ಬಣ್ಣ ಬದಲಾಯಿತು. ತೂತುಬಿದ್ದ ಎರಡು ಗೋಣಿಚೀಲಗಳನ್ನು ಸೇರಿಸಿ ಹೊಲಿದರೆ ಚೀಲ ದೊಡ್ಡದಾಗುತ್ತದೆ, ಅಷ್ಟೆ.

ನನಗೆ ಬೇಸರ ತರಿಸುವುದು ಇದು: ಎಲ್ಲರೂ ಬ್ಯಾಂಕನ್ನು ಠೇವಣಿಯ ಕಿಟಕಿಯಿಂದಲೇ ನೋಡುತ್ತಾರೆ. ನೀವಿಟ್ಟ ಹಣ ಬ್ಯಾಂಕಿನ ಪಾಲಿಗೆ ಸಾಲ. ಬ್ಯಾಂಕಿನ ಆಸ್ತಿ ಎಂದರೆ ಪಕ್ಕದ ಕಿಟಕಿಯಲ್ಲಿ ಇನ್ನೊಬ್ಬರು ಸಹಿ ಹಾಕಿದ ಸಾಲಪತ್ರ. ಆದ್ದರಿಂದ ನನ್ನನ್ನು ಕೇಳಬೇಕಾಗಿದ್ದ ಪ್ರಶ್ನೆಯೇ ಬೇರೆ. ಸಾಲ ಮರಳಿ ಬಂತು ಎನ್ನುತ್ತೀರಲ್ಲ, ಯಾವ ದುಡ್ಡಿನಿಂದ ಬಂತು? ಮೂವತ್ತೊಂದು ವರ್ಷಗಳಲ್ಲಿ ಇದನ್ನು ಒಬ್ಬ ಗ್ರಾಹಕನೂ ಕೇಳಲಿಲ್ಲ. ತಪಾಸಣೆಗೆ ಬರುತ್ತಿದ್ದ ಮೇಲಧಿಕಾರಿಗಳೂ ಮಧ್ಯಾಹ್ನದ ಊಟದ ಮುಂಚೆ ಕೇಳಿದ್ದುಂಟು, ಊಟದ ನಂತರ ಕೇಳಿದ್ದಿಲ್ಲ.

ಯಾರೂ ಕೇಳದ ಕಾರಣ ನಾನೇ ಹೇಳುತ್ತೇನೆ. ಮಾನ್ವಿ ತಾಲ್ಲೂಕಿನ ಒಂದು ಶಾಖೆಯಲ್ಲಿ ನಾನು ಮ್ಯಾನೇಜರನಾಗಿದ್ದೆ. ಬೆಳೆಸಾಲಕ್ಕೆ ಶೇಕಡಾ 7ರ ಬಡ್ಡಿ. ಗಡುವಿನೊಳಗೆ ತೀರಿಸಿದರೆ ಇನ್ನೂ ಶೇಕಡಾ 3 ವಿನಾಯಿತಿ ಸಿಕ್ಕು ಶೇಕಡಾ 4 ಮಾತ್ರ ಬೀಳುತ್ತದೆ. ಗಡುವು ಹತ್ತಿರ ಬಂದಿರುತ್ತದೆ, ಭತ್ತ ಕಣದಲ್ಲಿರುತ್ತದೆ, ದರ ಬಂದಿರುವುದಿಲ್ಲ. ಆಗ ರೈತ ಬೆಳಿಗ್ಗೆ ಹತ್ತೂವರೆಗೆ, ದಲಾಲಿ ಅಂಗಡಿಯ ಗುಮಾಸ್ತನನ್ನು ಜೊತೆಗೆ ಕರೆದುಕೊಂಡು, ಕೈಚೀಲದಲ್ಲಿ ಐನೂರರ ನಾಲ್ಕು ಕಟ್ಟು ತಂದು ಎರಡು ಲಕ್ಷದ ಸಾಲವನ್ನು ಪೂರ್ತಿ ಕಟ್ಟುತ್ತಿದ್ದ. ಪಹಣಿ, ಹೊಸ ಸಾಲಪತ್ರ, ಹತ್ತಾರು ಸಹಿಗಳೆಲ್ಲ ಮುಗಿದು ಮೂರು ಗಂಟೆಗೆ ಹೊಸ ಸಾಲ ಖಾತೆಗೆ ಜಮೆಯಾದ ಕೂಡಲೇ ಅದೇ ಕೈಚೀಲ ತುಂಬಿ ಗಂಜ್‌ಗೆ, ಅಂದರೆ ದಲಾಲರ ಅಂಗಡಿಗಳಿರುವ ಮಾರುಕಟ್ಟೆಗೆ, ಮರಳುತ್ತಿತ್ತು. ಒಂದು ದಿನದ ಕೈಗಡಕ್ಕೆ ದಲಾಲರು ನೂರಕ್ಕೆ ಒಂದು ರೂಪಾಯಿ ಹಿಡಿಯುತ್ತಿದ್ದರು. ಒಂದು ಮಧ್ಯಾಹ್ನ ನಮ್ಮ ಕ್ಯಾಷಿಯರ್ ಒಂದು ಕಟ್ಟನ್ನು ನನ್ನ ಮುಂದೆ ಹಿಡಿದು, ಅದರ ಪಟ್ಟಿಯ ಮೇಲೆ ಹಸಿರು ಶಾಯಿಯಲ್ಲಿದ್ದ ತನ್ನದೇ ಸಹಿಯನ್ನು ತೋರಿಸಿ, “ಸರ್, ಈ ಕಟ್ಟು ಈ ವಾರ ಮೂರನೇ ಸಲ ಬಂತ್ರಿ” ಎಂದು ನಕ್ಕ. ನಾನೂ ನಕ್ಕೆ. ಆ ವರ್ಷ ನಮ್ಮ ಶಾಖೆಯ ವಸೂಲಾತಿ ಶೇಕಡಾ ನೂರರ ಸಮೀಪವಿತ್ತು. ನನಗೆ ಪ್ರಶಂಸಾಪತ್ರವೂ ಬಂತು.

ಇದನ್ನು ಓದಿ ಮೂಗು ಮುರಿಯುವವರಿಗೆ ಒಂದು ಮಾತು. ನಾನು ನಿಯಮ ಮುರಿಯಲಿಲ್ಲ. ರೈತನಿಗೆ ಬಡ್ಡಿ ಉಳಿಯಿತು, ಭತ್ತ ನಿಜವಾಗಿಯೂ ಕಣದಲ್ಲಿತ್ತು, ಅದು ಮುಂದೆ ಮಾರಾಟವೂ ಆಯಿತು. ಮತ್ತೆ ಆ ಕುರ್ಚಿಯಲ್ಲಿ ಕೂರಿಸಿದರೆ ಅದನ್ನೇ ಮಾಡುತ್ತೇನೆ. ಆದರೆ ನಾನು ಮೇಲಕ್ಕೆ ಕಳುಹಿಸಿದ ಅಂಕಿ ಭತ್ತದ್ದಲ್ಲ, ಆ ಕಟ್ಟಿನದು.

ಇದನ್ನೇ ಸಾವಿರಾರು ಕೋಟಿಗೆ ಹಿಗ್ಗಿಸಿ ನೋಡಿ. ಕಂತು ತೊಂಬತ್ತು ದಿನ ಬಾಕಿ ಉಳಿದರೆ ಸಾಲ ಕೆಟ್ಟಿತೆಂದು ತೋರಿಸಬೇಕು. ಅದನ್ನು ತಪ್ಪಿಸಲು ಉಕ್ಕು, ವಿದ್ಯುತ್, ರಸ್ತೆ ಕಂಪನಿಗಳಿಗೆ ಹೊಸ ಸಾಲ ಕೊಟ್ಟು ಹಳೆಯದರ ಬಡ್ಡಿ ಕಟ್ಟಿಸಿಕೊಳ್ಳುವುದು ವರ್ಷಗಟ್ಟಲೆ ನಡೆಯಿತು. ಅಲ್ಲಿ ಕಣದಲ್ಲಿ ಭತ್ತವೇ ಇರಲಿಲ್ಲ. 2015ರಲ್ಲಿ, ರಘುರಾಮ್ ರಾಜನ್ ಗವರ್ನರ್ ಆಗಿದ್ದಾಗ, ರಿಸರ್ವ್ ಬ್ಯಾಂಕು ಸಾಲದ ಗುಣಮಟ್ಟವನ್ನು ತಾನೇ ಪರಿಶೀಲಿಸಿ, ಇದ್ದದ್ದನ್ನು ಇದ್ದಂತೆ ತೋರಿಸಲು ಹೇಳಿತು. ಶೇಕಡಾ 5ರೊಳಗಿದ್ದ ವಸೂಲಾಗದ ಸಾಲದ ಅಂಕಿ ಮೂರೇ ವರ್ಷದಲ್ಲಿ 11ಕ್ಕೆ ಏರಿದ್ದು ಹಾಗೆ. ಬ್ಯಾಂಕುಗಳು ಕೆಟ್ಟದ್ದು ಆಗ ಎನ್ನುವವರ ಜೊತೆ ವಾದ ಮಾಡುವುದನ್ನು ಬಿಟ್ಟಿದ್ದೇನೆ. ಅವು ಕೆಟ್ಟದ್ದು ಬಹಳ ಮೊದಲು, ಕಂಡದ್ದು ಆಗ. ಎಲ್ಲ ಸಾಲವೂ ಕಳ್ಳಾಟದಿಂದಲೇ ಕೆಡುವುದಿಲ್ಲ ಎಂಬುದೂ ನಿಜ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ, ಅಲ್ಲಿಯವರೆಗೆ ತಪ್ಪದೆ ಕಂತು ಕಟ್ಟುತ್ತಿದ್ದ ಅದಿರು ಲಾರಿಗಳ ಮಾಲೀಕರು ಕೆಲವೇ ತಿಂಗಳಲ್ಲಿ ಸುಸ್ತಿದಾರರಾದರು.

ಹಾಗಾದರೆ 11 ಮತ್ತೆ 3ರ ಕೆಳಗೆ ಇಳಿದದ್ದು ಹೇಗೆ? ಸ್ವಲ್ಪ ಭಾಗ 2016ರ ದಿವಾಳಿ ಸಂಹಿತೆ ಎಂಬ ಕಾನೂನಿನಿಂದ ವಸೂಲಾಯಿತು. ಹೊಸ ಸಾಲ ಬೆಳೆದಂತೆ ಹಳೆಯದರ ಪಾಲು ತಾನಾಗಿ ಕಿರಿದಾಯಿತು. ದೊಡ್ಡ ಭಾಗವನ್ನು ಬ್ಯಾಂಕುಗಳು ಲೆಕ್ಕದಿಂದಲೇ ತೆಗೆದವು. ಹಾಗೆ ತೆಗೆದರೆ ಸಾಲಗಾರನಿಗೆ ಮನ್ನಾ ಆಗುವುದಿಲ್ಲ, ವಸೂಲಿ ಮುಂದುವರಿಯುತ್ತದೆ, ಆದರೆ ಅಂಕಿ ಅಂದೇ ಚೆಂದವಾಗುತ್ತದೆ. ಆ ಗುಂಡಿ ತುಂಬಿದ್ದು ಬ್ಯಾಂಕುಗಳ ಲಾಭದಿಂದ, ಸರ್ಕಾರಿ ಬ್ಯಾಂಕುಗಳ ವಿಷಯದಲ್ಲಿ ಸರ್ಕಾರದ ದುಡ್ಡಿನಿಂದಲೂ. 2017ರ ಅಕ್ಟೋಬರಿನಲ್ಲಿ ಒಮ್ಮೆಗೇ 2.11 ಲಕ್ಷ ಕೋಟಿ ರೂಪಾಯಿಯ ಬಂಡವಾಳ ಯೋಜನೆ ಪ್ರಕಟವಾಯಿತು. ಇಷ್ಟಾದರೂ ನನ್ನ ಉತ್ತರ ಬದಲಾಗುವುದಿಲ್ಲ: ಗಟ್ಟಿ ಇವೆ, ಆದರೆ ಬರೀ ವಸೂಲಿಯಿಂದ ಗಟ್ಟಿಯಾದವಲ್ಲ.

ಕಳೆದ ವಾರ ಬೀಗರು ಫೋನ್ ಮಾಡಿದ್ದರು. ಅವರ ಸಂಘ ಇನ್ನೂ ಅರ್ಧ ಪರ್ಸೆಂಟ್ ಹೆಚ್ಚು ಕೊಡುತ್ತದಂತೆ, ಉಳಿದ ಹಣವನ್ನೂ ಅಲ್ಲಿಯೇ ಇಡಬಹುದೇ ಎಂದು ಕೇಳಿದರು. ಆ ಸಂಘ ಯಾರಿಗೆ ಸಾಲ ಕೊಡುತ್ತದೆ ಎಂದು ವಿಚಾರಿಸಿದಿರಾ ಎಂದೆ.

“ಅದು ನಮಗ್ಯಾಕ್ರಿ ಸಾಹೇಬ್ರ?” ಎಂದರು.