ಕಪ್ಪೆಯಾಗಿ ಕೂಗುವ ಹುಡುಗರು

2019ರ ಮೇ ತಿಂಗಳಲ್ಲಿ ಬಜೆ ಅಣೆಕಟ್ಟು ತಳ ಕಂಡಿತ್ತು. ಉಡುಪಿ ಪೇಟೆಯಲ್ಲಿ ಟ್ಯಾಂಕರಿನ ದಾರಿ ಕಾಯುವುದೇ ದಿನಚರಿಯಾಗಿತ್ತು. ನಮ್ಮ ಬಾವಿಗೆ ಇಳಿಸಿದ ಕೊಡಪಾನ ಕೆಸರು ತುಂಬಿಕೊಂಡು ಮೇಲೆ ಬರುತ್ತಿತ್ತು. ಜೂನ್ ಬಂದರೂ ಮಳೆಯ ಸುಳಿವಿಲ್ಲದಾಗ ಊರಿನಲ್ಲಿ ಕಪ್ಪೆಗಳಿಗೆ ಶಾಸ್ತ್ರೋಕ್ತವಾಗಿ ಮದುವೆ ಮಾಡಿಸಿದರು. ಅದನ್ನು ಕಂಡು ನಕ್ಕವರಲ್ಲಿ ನಾನೂ ಒಬ್ಬ. ಆ ಮಳೆಗಾಲದಲ್ಲೇ ಮೆಕ್ಸಿಕೊ, ಗ್ವಾಟೆಮಾಲ ಸೀಮೆಯ ಪ್ರಾಚೀನ ಮಾಯಾ ಜನರ ಧರ್ಮದ ಕುರಿತು ಓದಲು ತೊಡಗಿದ ನನಗೆ ಅಲ್ಲಿಯೂ ಕಪ್ಪೆಗಳೇ ಎದುರಾದವು.

ಮೆಕ್ಸಿಕೊದ ಯುಕಟಾನ್ ಹಳ್ಳಿಗಳಲ್ಲಿ ಮಳೆ ಕೈಕೊಟ್ಟಾಗ 'ಚಾ ಚಾಕ್' ಎಂಬ ಆರಾಧನೆಯನ್ನು ಇಂದಿಗೂ ನಡೆಸುವುದುಂಟು. ಕೊಂಬೆಗಳನ್ನೂ ಬಳ್ಳಿಗಳನ್ನೂ ಬಿಗಿದು ಕಟ್ಟಿದ ಪೀಠದ ನಾಲ್ಕು ಕಾಲುಗಳ ಬಳಿ ನಾಲ್ವರು ಹುಡುಗರು ಕುಕ್ಕರಗಾಲಿನಲ್ಲಿ ಕುಳಿತು, ಅರ್ಚಕನು ಮಂತ್ರ ಹೇಳುವಾಗ ಕಪ್ಪೆಗಳಂತೆ ವಟಗುಟ್ಟುತ್ತಾರೆ. ಅಲ್ಲಿನ 'ವೊ' ಎಂಬ ಕಪ್ಪೆ ಬೇಸಗೆಯುದ್ದಕ್ಕೂ ನೆಲದೊಳಗೆ ಹುದುಗಿದ್ದು, ಜೋರು ಮಳೆ ಬಿದ್ದಾಗ ಮಾತ್ರ ಹೊರಬಂದು ಕೂಗುತ್ತದೆ. ಮಳೆದೇವರಾದ ಚಾಕ್‌ನ ವಾದ್ಯಗಾರರು ಈ ಕಪ್ಪೆಗಳೇ ಎಂಬುದು ಜನರ ನಂಬಿಕೆ.

ಚಾಕ್ ಒಬ್ಬನೂ ಹೌದು, ನಾಲ್ವರೂ ಹೌದು. ಮೂಡಣಕ್ಕೆ ಕೆಂಪು, ಬಡಗಣಕ್ಕೆ ಬಿಳಿ, ಪಡುವಣಕ್ಕೆ ಕಪ್ಪು, ತೆಂಕಣಕ್ಕೆ ಹಳದಿ ಎಂದು ಒಂದೊಂದು ದಿಕ್ಕಿಗೆ ಒಂದೊಂದು ಬಣ್ಣದ ಚಾಕ್ ಇದ್ದಾನೆ. ಅವನ ಕೈಯ ಕೊಡಲಿಯೇ ಸಿಡಿಲು. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಕುಳಿತವರಿಗೆ ಅವನ ಮೇಲೆ ಆ ಜನರಿಗಿದ್ದ ಭಯಭಕ್ತಿ ಸುಲಭವಾಗಿ ಅರ್ಥವಾಗಲಾರದು. ಯುಕಟಾನಿನ ಉತ್ತರ ಭಾಗವೆಲ್ಲ ಸುಣ್ಣಕಲ್ಲಿನ ನೆಲವಾದುದರಿಂದ ಬಿದ್ದ ನೀರು ಇಂಗಿಹೋಗುತ್ತದೆ. ಹೆಸರಿಗೊಂದು ಹೊಳೆಯೂ ಅಲ್ಲಿಲ್ಲ. ಸುಣ್ಣಕಲ್ಲಿನ ಚಾವಣಿ ಕುಸಿದು ಉಂಟಾದ 'ಸೆನೋಟೆ' ಎಂಬ ನೀರಗುಂಡಿಗಳೇ ಗತಿ. ಸೆನೋಟೆಗಳೂ ವಿರಳವಾದ ಪೂಕ್ ಗುಡ್ಡಗಳಲ್ಲಿ ನೆಲ ಕೊರೆದು ಮಳೆನೀರು ಕೂಡಿಡುತ್ತಿದ್ದರು. ಅಲ್ಲಿನ ಕಬಾಹ್ ಎಂಬ ಊರಿನ ಅರಮನೆಯೊಂದರ ಗೋಡೆಯ ತುಂಬ, ನೂರಾರು ಸಂಖ್ಯೆಯಲ್ಲಿ, ಉದ್ದ ಮೂಗಿನ ಕಲ್ಲಿನ ಮುಖವಾಡಗಳಿವೆ. ಅವು ಚಾಕ್‌ನ ಮುಖಗಳೆಂದು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ.

ದೇವರಿಗೆ ಮನುಷ್ಯ ಏಕೆ ಬೇಕು ಎಂಬ ಪ್ರಶ್ನೆಗೆ ಗ್ವಾಟೆಮಾಲದ ಕಿಚೆ ಮಾಯಾ ಜನರ 'ಪೊಪೊಲ್ ವುಹ್' ಎಂಬ ಪುರಾಣಗ್ರಂಥ ಕೊಡುವ ಉತ್ತರ ನನ್ನನ್ನು ಬಹಳ ದಿನ ಕಾಡಿತು. ತಮ್ಮನ್ನು ಹೆಸರಿಡಿದು ಕರೆದು, ನೆನೆದು, ಉಣಿಸುವವರು ಬೇಕೆಂದು ದೇವರುಗಳು ಮೊದಲು ಮಣ್ಣಿನಿಂದ ಮನುಷ್ಯನನ್ನು ಮಾಡಿದರು. ಅವನು ನೀರಿಗೆ ಕರಗಿಹೋದ. ಬಳಿಕ ಮಾಡಿದ ಮರದ ಮನುಷ್ಯರು ಮಾತನಾಡಿದರು, ಮಕ್ಕಳನ್ನು ಹೆತ್ತರು, ಆದರೆ ಹುಟ್ಟಿಸಿದವರನ್ನೇ ಮರೆತರು. ಆಗ ಪ್ರಳಯವೇ ಬಂತು. ನೀರು ಮಾತ್ರವಲ್ಲ, ಅವರ ಮನೆಯ ನಾಯಿ, ಮಡಕೆ, ಅರೆಯುವ ಕಲ್ಲುಗಳೂ 'ದಿನವೂ ನಮ್ಮನ್ನು ತೇದಿರಿ, ಸುಟ್ಟಿರಿ' ಎಂದು ಒಡೆಯರ ಮೇಲೆಯೇ ತಿರುಗಿಬಿದ್ದವು. ನವರಾತ್ರಿಯಲ್ಲಿ ಕತ್ತಿ, ಹಾರೆಗಳಿಗೆ ಕುಂಕುಮ ಹಚ್ಚುವಾಗ ಈಗ ನನಗೆ ಆ ಅರೆಯುವ ಕಲ್ಲಿನ ದೂರು ನೆನಪಾಗುತ್ತದೆ. ಕೊನೆಗೆ ಶ್ಮುಕಾನೆ ಎಂಬ ಅಜ್ಜಿ ಬಿಳಿ ಮತ್ತು ಹಳದಿ ಜೋಳವನ್ನು ಒಂಬತ್ತು ಸಲ ಅರೆದ ಹಿಟ್ಟಿನಿಂದ ಇಂದಿನ ಮನುಷ್ಯರು ಆದರು. ಇಲ್ಲಿ ಜೋಳವೆಂದರೆ ನಮ್ಮ ಮುಸುಕಿನ ಜೋಳ.

ಜೋಳದಿಂದಾದವನು ದೇವರಿಗೆ ಋಣಿ. ಆ ಋಣ ತೀರಿಸುವ ಬಗೆ ಯಾವಾಗಲೂ ಸೌಮ್ಯವಾಗಿರಲಿಲ್ಲ. ಯಾಶ್ಚಿಲಾನ್ ಎಂಬ ಹಳೆಯ ಮಾಯಾ ನಗರದ ಬಾಗಿಲ ಮೇಲ್ಗಲ್ಲೊಂದು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಕ್ರಿ.ಶ. 709ರ ಆಚರಣೆಯನ್ನು ತೋರಿಸುವ ಆ ಕೆತ್ತನೆಯಲ್ಲಿ ರಾಜ ಪಂಜು ಹಿಡಿದು ನಿಂತಿದ್ದಾನೆ, ಮೊಣಕಾಲೂರಿದ ರಾಣಿ ಮುಳ್ಳು ಪೋಣಿಸಿದ ಹಗ್ಗವನ್ನು ತನ್ನ ನಾಲಿಗೆಯ ಮೂಲಕ ಎಳೆದುಕೊಳ್ಳುತ್ತಿದ್ದಾಳೆ. ನೆತ್ತರು ಬುಟ್ಟಿಯಲ್ಲಿನ ಕಾಗದಕ್ಕೆ ಬೀಳಬೇಕು. ಯುಕಟಾನಿನ ಹಳೆಯ ನಗರ ಚಿಚೆನ್ ಇಟ್ಜಾದ ಸೆನೋಟೆಯಿಂದ 20ನೇ ಶತಮಾನದ ಆರಂಭದಲ್ಲಿ ಹಸಿರು ಜೇಡ್ ಕಲ್ಲು, ಚಿನ್ನ, ಧೂಪದ ಉಂಡೆಗಳ ಜೊತೆಗೆ ಮಕ್ಕಳ ಎಲುಬುಗಳೂ ದೊರೆತವು. ಮಾಯಾ ಧರ್ಮವನ್ನು ನಕ್ಷತ್ರ ಎಣಿಸುವ ಜ್ಞಾನಿಗಳ ಧರ್ಮವೆಂದಷ್ಟೇ ಹೊಗಳುವವರು ಈ ಎಲುಬುಗಳ ವಿಷಯದಲ್ಲಿ ಸುಮ್ಮನಾಗುತ್ತಾರೆ. ಹಾಗೆಂದು, 1562ರಲ್ಲಿ ಮನಿ ಎಂಬಲ್ಲಿ ಅವರ ಗ್ರಂಥಗಳನ್ನು ಸೈತಾನನ ಸುಳ್ಳುಗಳೆಂದು ಸುಡಿಸಿದ ಪಾದ್ರಿ ಡಿಯೆಗೊ ಡೆ ಲಾಂಡಾನ ಪಕ್ಷವನ್ನೂ ನಾನು ವಹಿಸಲಾರೆ. ಉಳಿದುಬಂದ ಗ್ರಂಥಗಳು ನಾಲ್ಕೇ ನಾಲ್ಕು.

ಇಂದಿನ ಚಾ ಚಾಕ್‌ನಲ್ಲಿ ದೇವರಿಗೆ ಸಲ್ಲುವುದು ಜೇನು ಬೆರೆಸಿ ಹುಳಿಸಿದ 'ಬಾಲ್ಚೆ' ಎಂಬ ಪಾನೀಯ, ಕೋಳಿ, ಮತ್ತು ನೆಲದ ಗುಂಡಿಯಲ್ಲಿ ಕಾದ ಕಲ್ಲುಗಳ ನಡುವೆ ಬೇಯಿಸಿದ ಜೋಳದ ದಪ್ಪ ರೊಟ್ಟಿ. ದೇವರು ಅದರ ಸಾರವನ್ನಷ್ಟೇ ಹೀರಿಕೊಳ್ಳುತ್ತಾನಂತೆ. ಉಳಿದ ರೊಟ್ಟಿಯನ್ನು ಮುರಿದು ಸಾರಿನಲ್ಲಿ ನೆನೆಸಿ, ಪೀಠದ ಸುತ್ತಲೇ ಕುಳಿತು ಊರವರು ಉಣ್ಣುತ್ತಾರೆ.