ಬೆಂಗಳೂರಿಗೆ ಹೋಗದೆ ವಿದೇಶಿ ಭಾಷೆ ಕಲಿಯಬಹುದೇ?

ನಾನು ತೀರ್ಥಹಳ್ಳಿ ಸೀಮೆಯ ಮನೆಯಲ್ಲೇ ಇದ್ದು ಜಪಾನಿ ಭಾಷೆ ಕಲಿತೆನೆಂದು ತಿಳಿದವರು, ಮದುವೆಮನೆಯಿರಲಿ ಸೊಸೈಟಿಯ ಸಭೆಯಿರಲಿ, ಕೇಳುವ ಪ್ರಶ್ನೆ ಒಂದೇ: "ಬೆಂಗಳೂರಿಗೆ ಹೋಗದೆ, ದುಡ್ಡು ಕೊಡದೆ ಬೇರೆ ದೇಶದ ಭಾಷೆ ಕಲಿಯಕ್ಕೆ ಆಗ್ತದಾ ಮಾರಾಯ್ರೇ?" ಮಗಳನ್ನು ನರ್ಸಿಂಗ್ ಓದಿಸುತ್ತಿರುವವರು ಜರ್ಮನ್ ಭಾಷೆಯ ಬಗ್ಗೆ ಇನ್ನೂ ಆತಂಕದಿಂದ ಕೇಳುತ್ತಾರೆ.

ಆಗುತ್ತದೆ. ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಸಿಗುವುದು ಎಷ್ಟಿದೆಯೆಂದರೆ, ಹುಡುಕುವುದೇ ಒಂದು ಕೆಲಸವಾಗಿ ಕಲಿಕೆ ಹಿಂದುಳಿಯುತ್ತದೆ. ಆದ್ದರಿಂದ ಮೊದಲು ಆಯಾ ದೇಶದ ಸಾರ್ವಜನಿಕ ಪ್ರಸಾರ ಸಂಸ್ಥೆಯ ಪಾಠಗಳನ್ನೇ ಹಿಡಿಯಿರಿ ಎನ್ನುತ್ತೇನೆ. ಅವು ರೇಡಿಯೊ ಬಲ್ಲವರು ಮಾಡಿದ ಪಾಠಗಳಾದ್ದರಿಂದ ಅಲ್ಲಿ ಧ್ವನಿಗೆ ಮೊದಲ ಸ್ಥಾನವಿದೆ, ಧ್ವನಿಯ ಜೊತೆಗೆ ಪಠ್ಯವೂ ಇದೆ, ಮತ್ತು ಅರ್ಧದಾರಿಯಲ್ಲಿ ಯಾರೂ ಹಣ ಕೇಳುವುದಿಲ್ಲ.

ಜಪಾನಿ ಭಾಷೆಗೆ ನಾನು ಹಿಡಿದದ್ದು ಆ ದೇಶದ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ವರ್ಲ್ಡ್‌ನ 'ಈಸಿ ಜಪಾನೀಸ್'. ಜಪಾನಿಗೆ ಓದಲು ಬಂದ ವಿಯೆಟ್ನಾಮಿನ ತಾಮ್ ಎಂಬ ಹುಡುಗಿಯ ಸುತ್ತ ಹೆಣೆದ, ಸುಮಾರು ಹತ್ತು ನಿಮಿಷಗಳ 48 ಪಾಠಗಳು ಅದರಲ್ಲಿವೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುವುದರಿಂದ, ಪೇಟೆಗೆ ಹೋದಾಗಲೆಲ್ಲ ಮುಂದಿನ ನಾಲ್ಕೈದು ಪಾಠಗಳ ಧ್ವನಿಯನ್ನು ಫೋನಿಗೆ ಇಳಿಸಿಕೊಂಡು ಬರುತ್ತಿದ್ದೆ. ಅಡಿಕೆ ಕೊಯ್ಲಿನ ಕಾಲದಲ್ಲಿ ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುವಾಗ, ಒಂದು ಕಿವಿಯಲ್ಲಿ ತಾಮ್‌ಳ ಮಾತು, ಇನ್ನೊಂದು ಕಿವಿಯಲ್ಲಿ ಅಂಗಳದ ಮಾತು. ಅದೇ ಪಾಠವನ್ನು ಹತ್ತು ಸಲ ಕೇಳಲು ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಸಿಕ್ಕಿಲ್ಲ. ಆಮೇಲೆ ಜಪಾನ್ ಫೌಂಡೇಶನ್ನಿನ 'ಇರೊದೊರಿ' ಎಂಬ ಪುಸ್ತಕಗಳಿಗೆ ಬಂದೆ. ಜಪಾನಿನಲ್ಲಿ ಬದುಕುವವರಿಗೆ, ದುಡಿಯುವವರಿಗೆ ನಿತ್ಯ ಬೇಕಾಗುವ ಮಾತನ್ನೇ ಕಲಿಸುವ ಇವು ಧ್ವನಿಯ ಸಮೇತ ಉಚಿತವಾಗಿ ಸಿಗುತ್ತವೆ.

ಈ ಪಾಠಗಳು ಕನ್ನಡದಲ್ಲಿ ಇಲ್ಲವಲ್ಲ ಎಂದು ಕೆಲವರು ಹಿಂಜರಿಯುತ್ತಾರೆ. ವಿವರಣೆಯನ್ನು ಇಂಗ್ಲಿಷಿನಲ್ಲಿ ಓದಿದರೂ ಟಿಪ್ಪಣಿಯನ್ನು ಕನ್ನಡದಲ್ಲೇ ಬರೆದುಕೊಳ್ಳಿ, ಏಕೆಂದರೆ ಜಪಾನಿಯ ಮಟ್ಟಿಗಾದರೂ ಕನ್ನಡವೇ ಹತ್ತಿರದ ದಾರಿ. 'ಒಬಸನ್' ಎಂದರೆ ಚಿಕ್ಕಮ್ಮ ಅಥವಾ ಅತ್ತೆ, 'ಒಬಾಸನ್' ಎಂದರೆ ಅಜ್ಜಿ. ಇಂಗ್ಲಿಷ್ ಅಕ್ಷರಗಳಲ್ಲಿ ಸುಲಭವಾಗಿ ಕಳೆದುಹೋಗುವ ಈ ಹ್ರಸ್ವ-ದೀರ್ಘದ ವ್ಯತ್ಯಾಸ ನಮಗೆ ಒಂದು ಇಳಿಯಲ್ಲಿ ಸಿಗುತ್ತದೆ. 'ಗೊಹನ್ ಒ ತಬೆಮಸ್' ಎಂಬಲ್ಲಿ 'ಗೊಹನ್' ಅನ್ನ, 'ಒ' ನಮ್ಮ ದ್ವಿತೀಯಾ ವಿಭಕ್ತಿ, ಕ್ರಿಯಾಪದ ನಮ್ಮಂತೆಯೇ ಕೊನೆಗೆ: ಅನ್ನವನ್ನು ತಿನ್ನುತ್ತೇನೆ. ಅವರ ಅಕ್ಷರಮಾಲೆಯ ಕ, ಸ, ತ, ನ, ಹ, ಮ, ಯ, ರ, ವ ಎಂಬ ಕ್ರಮ ಕೂಡ, ಬೌದ್ಧ ಭಿಕ್ಷುಗಳು ಸಂಸ್ಕೃತಕ್ಕಾಗಿ ಕಲಿತ ಸಿದ್ಧಂ ಲಿಪಿಯ ಅಧ್ಯಯನದಿಂದ ಬಂದದ್ದು. ಇದನ್ನು ತಿಳಿದ ದಿನ ನನಗಾದ ಸಂತೋಷ ಇಂದಿಗೂ ಆರಿಲ್ಲ.

ಜರ್ಮನ್ ಕಲಿಯುವವರಿಗೆ ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲ್ಲೆಯ 'ನೀಕೋಸ್ ವೇಗ್' ಎಂಬ ವೀಡಿಯೊ ಪಾಠಮಾಲೆಯಿದೆ. ಆರಂಭದ ಹಂತವಾದ ಎ1ರಿಂದ ಮಧ್ಯಮ ಹಂತವಾದ ಬಿ1ರವರೆಗೆ ಎಲ್ಲವೂ ಉಚಿತ. ನಿಧಾನವಾಗಿ ಓದಿದ ಸುದ್ದಿಯನ್ನೂ ಅವರು ಪಠ್ಯದ ಸಮೇತ ಕೊಡುತ್ತಾರೆ. ಆದರೆ ಜರ್ಮನಿಯಲ್ಲಿ ನರ್ಸ್ ಆಗಿ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಅದಕ್ಕೂ ಮೇಲಿನ ಹಂತವಾದ ಬಿ2 ಬೇಕು ಮತ್ತು ಪರೀಕ್ಷೆಗೆ ಶುಲ್ಕ ಕಟ್ಟಲೇಬೇಕು ಎಂಬುದನ್ನು ತಂದೆತಾಯಂದಿರು ಮೊದಲೇ ತಿಳಿದಿರಬೇಕು. ಫ್ರೆಂಚಿಗೆ ಫ್ರಾನ್ಸಿನ ಆರ್‌ಎಫ್‌ಐ ರೇಡಿಯೊದ ಸರಳ ಫ್ರೆಂಚ್ ವಾರ್ತೆಯಿದೆ. ಪದಗಳನ್ನು ಮರೆಯದಿರಲು ಪದಗಳ ಚೀಟಿಯನ್ನು ಮತ್ತೆ ಮತ್ತೆ ತೋರಿಸುವ 'ಆಂಕಿ' ಎಂಬ ಆ್ಯಪ್ ಸಾಕು; ಕಂಪ್ಯೂಟರಿಗೂ ಆಂಡ್ರಾಯ್ಡ್ ಫೋನಿಗೂ ಅದು ಉಚಿತ.

ಉಚಿತವಾಗಿ ಸುಲಭಕ್ಕೆ ಸಿಗದಿರುವುದು ನಮ್ಮ ಉಚ್ಚಾರ ತಿದ್ದುವವರು. ಅದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ, ಪಾಠದ ಒಂದು ವಾಕ್ಯವನ್ನು ಕೇಳಿ, ಅದನ್ನೇ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಎರಡನ್ನೂ ಒಂದರ ಹಿಂದೆ ಒಂದು ಕೇಳುವುದು. ಹಾಗೆ ಕೇಳಿದಾಗಲೇ ನಾನು 'ತ್ಸು' ಎನ್ನಬೇಕಾದಲ್ಲೆಲ್ಲ 'ಚು' ಎನ್ನುತ್ತಿದ್ದುದು ಗೊತ್ತಾಯಿತು. ಆ ಒಂದು ಅಕ್ಷರ ನಾಲಿಗೆಗೆ ಒಗ್ಗಲು ಮೂರು ವಾರ ಹಿಡಿಯಿತು.