ಕಾಕಾನ ಹೊಂಡದ ಪಂಜರ ಮೀನು: ಸಂಕ್ರಾಂತಿವರೆಗಿನ ಲೆಕ್ಕ

ಪುಣೆ-ಸೋಲಾಪುರ ಹೆದ್ದಾರಿಯಿಂದ ಒಳಗೆ ಹೋದರೆ ಇಂದಾಪುರ ತಾಲ್ಲೂಕಿನಲ್ಲಿ ಕಾಕಾನ ಹೊಲ. ಅಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡದಲ್ಲಿ ಮೂರು ಪಂಜರ ತೇಲಿಬಿಟ್ಟಿದ್ದೇವೆ. ತೂಕ, ಬರವಣಿಗೆ ನನ್ನ ಪಾಲು, ದಿನದ ಮೇವು ಕಾಕಾನ ಪಾಲು. ಮೊದಲನೆಯದರಲ್ಲಿ ಹ್ಯಾಚರಿಯಿಂದ ತಂದ ಗಿಫ್ಟ್ ಎಂಬ ತಿಲಾಪಿಯಾ ತಳಿಯ ಗಂಡುಮರಿಗಳು. ಎರಡನೆಯದರಲ್ಲಿ ಉಜನಿ ಅಣೆಕಟ್ಟೆಯ ಹಿನ್ನೀರಿನ ಮೀನುಗಾರರು ಕೊಟ್ಟ ಚಿಲಾಪಿ, ಅದೂ ತಿಲಾಪಿಯಾನೇ, ಅಂದರೆ ನಮ್ಮೂರ ಕಡೆಯ ಜಿಲೇಬಿ ಮೀನು, ಗಂಡು ಹೆಣ್ಣು ಎರಡೂ. ಎರಡಕ್ಕೂ 15 ಮಿ.ಮೀ. ಕಣ್ಣಿನ ಬಲೆ. ಮೂರನೆಯದು ಹಾಪಾ, ಅಂದರೆ ಸೊಳ್ಳೆಪರದೆ ಬಟ್ಟೆಯ ಚೀಲದಂಥ ಪಂಜರ, ಬರೀ ನನ್ನ ಕುತೂಹಲಕ್ಕೆ.

ತೂಕ ಹೀಗಿದೆ. ದಸರಾಕ್ಕೆ ಎಲ್ಲವೂ ಸುಮಾರು 15 ಗ್ರಾಂ ಇದ್ದವು. ಈಗ ಗಿಫ್ಟ್ ಸರಾಸರಿ 160. ಎರಡನೇ ಪಂಜರದ ಗಂಡುಗಳು 110ರ ಆಸುಪಾಸು, ಹೆಣ್ಣುಗಳು 60 ದಾಟಿಲ್ಲ. ಗಿಫ್ಟ್ ಮುಂದಿರುವುದರಲ್ಲಿ ವಿಶೇಷವಿಲ್ಲ. 1988ರಿಂದ ಫಿಲಿಪ್ಪೀನ್ಸ್‌ನಲ್ಲಿ ಬೇಗ ಬೆಳೆಯುವ ನೈಲ್ ತಿಲಾಪಿಯಾಗಳನ್ನೇ ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತ ಬೆಳೆಸಿದ ತಳಿ ಅದು. ನನ್ನ ತಲೆ ತಿಂದದ್ದು ಆ 60 ಗ್ರಾಂ.

ಜಿಲೇಬಿ ಪಂಜರದಲ್ಲಿ ಮರಿ ಹಾಕುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಕೆರೆಯಲ್ಲಾದರೆ ಗಂಡು ತಳದಲ್ಲಿ ಗುಂಡಿ ತೋಡುತ್ತದೆ, ಹೆಣ್ಣು ಅದರಲ್ಲಿ ಮೊಟ್ಟೆಯಿಟ್ಟು ತಕ್ಷಣ ಬಾಯಿಗೆ ತುಂಬಿಕೊಳ್ಳುತ್ತದೆ. ನಮ್ಮ ಪಂಜರದಲ್ಲಿ ಗುಂಡಿಯೂ ಇಲ್ಲ, ತಳವೂ ಇಲ್ಲ. ಹೆಣ್ಣು ಬಾಯಿ ಹಾಕುವಷ್ಟರಲ್ಲಿ ಮೊಟ್ಟೆ ಬಲೆಯ ಕಣ್ಣಿನಿಂದ ಜಾರಿ ಹೋಗಿರುತ್ತದೆ. ಹಾಗಾಗಿ ಮರಿ ಇಲ್ಲ. ಆದರೆ ಮೊಟ್ಟೆ ತಯಾರಾಗುವುದು ನಿಂತಿಲ್ಲವಲ್ಲ. ಬಾಯಲ್ಲಿ ಕಾಯುವ ಕೆಲಸ ತಪ್ಪಿದ ಹೆಣ್ಣು ಇನ್ನೂ ಬೇಗ ಮುಂದಿನ ಸುತ್ತಿಗೆ ಸಜ್ಜಾಗುತ್ತದೆ. ಹ್ಯಾಚರಿಯವರು ಹೆಣ್ಣಿನ ಬಾಯಿಂದ ಮೊಟ್ಟೆ ತೆಗೆಯುವುದಕ್ಕೆ ಇದೂ ಒಂದು ಕಾರಣ. ನಾವು ಹಾಕಿದ ಮೇವಿನಲ್ಲಿ ಒಂದು ಪಾಲು ಹೀಗೆ ಮೊಟ್ಟೆಯಾಗಿ ಹೊಂಡದ ತಳ ಸೇರಿತು, ಹೆಣ್ಣುಗಳು 60 ಗ್ರಾಂ ದಾಟಲಿಲ್ಲ.

ಹಾಪಾದಲ್ಲಿ ಕಥೆ ಬೇರೆ, ಅಲ್ಲಿ ಮೊಟ್ಟೆ ಜಾರುವ ಹಾಗಿಲ್ಲ. ದೀಪಾವಳಿಗೆ ಮುಂಚೆ, ನೀರು 28 ಡಿಗ್ರಿ ಇದ್ದಾಗ ಕಾಕಾ ಕೇಳಿದ: "ಏ ತಮ್ಮಾ, ಈ ಒಂದ್ ಮೀನ ಮೇವಿಗೆ ಬಾಯೇ ತೆರೀವಲ್ದು ನೋಡು. ಜಡ್ಡ ಬಂದದೇನು?"

"ಜಡ್ಡಲ್ಲ ಕಾಕಾ, ಬಾಯಾಗ ತತ್ತಿ ಇಟ್ಕೊಂಡದ."

ಕೈಬಲೆಯಲ್ಲಿ ಎತ್ತಿದೆವು. ಗಂಟಲು ಕೆಳಗೆ ಉಬ್ಬಿತ್ತು. ಹೆಬ್ಬೆರಳಿನಿಂದ ಕೆಳದವಡೆ ಮೆಲ್ಲಗೆ ಒತ್ತಿದರೆ ಒಳಗೆ ನವಣೆ ಕಾಳಿನಷ್ಟಿನ ಹಳದಿ ಮೊಟ್ಟೆಗಳು, ಕೆಲವಕ್ಕೆ ಆಗಲೇ ಕಪ್ಪು ಕಣ್ಣಿನ ಚುಕ್ಕೆ. ಮೊಟ್ಟೆ ಒಡೆಯಲು ಈ ಬಿಸಿಯಲ್ಲಿ ನಾಲ್ಕೈದು ದಿನ. ಆಮೇಲೂ ಮರಿಯ ಹೊಟ್ಟೆಗಂಟಿದ ಹಳದಿ ಚೀಲ ಕರಗಿ ಮರಿ ಈಜುವವರೆಗೆ ತಾಯಿ ಬಾಯಿ ಬಿಡುವುದಿಲ್ಲ. "ಅಲ್ಲೀ ಮಟಾ ಉಪವಾಸನ?" ಅಂದ ಕಾಕಾ, ಮರುದಿನದಿಂದ ಹಾಪಾದ ಮೇವು ತಾನೇ ಕಡಿಮೆ ಮಾಡಿದ.

ಹೆಣ್ಣೇನಾದರೂ ಸೇರಿದೆಯೇ ಅಂತ ಗಿಫ್ಟ್ ಮರಿಗಳನ್ನೂ ಪರೀಕ್ಷಿಸಿದೆ. ಹ್ಯಾಚರಿಯಲ್ಲಿ ಮರಿ ತಿನ್ನಲು ಶುರುಮಾಡಿದ ಮೊದಲ ಮೂರು-ನಾಲ್ಕು ವಾರ ಮೇವಿನಲ್ಲಿ ಮಿಥೈಲ್ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನ್ ಬೆರೆಸಿ ಎಲ್ಲವನ್ನೂ ಗಂಡಾಗಿಸುತ್ತಾರೆ, ಆದರೂ ಒಂದೆರಡು ತಪ್ಪಿಸಿಕೊಳ್ಳುತ್ತವೆ. ಮೀನನ್ನು ಅಂಗಾತ ಹಿಡಿದು, ಗುದದ್ವಾರದ ಹಿಂದಿರುವ ಪುಟ್ಟ ಉಬ್ಬಿಗೆ ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹಚ್ಚಿ ಒರೆಸಬೇಕು. ಗಂಡಿಗೆ ತುದಿಯಲ್ಲಿ ಒಂದೇ ರಂಧ್ರ. ಹೆಣ್ಣಿಗೆ ಅದರ ಜೊತೆ ಅಡ್ಡಲಾಗಿ ಒಂದು ಸೀಳು, ಬಣ್ಣ ಅಲ್ಲಿ ಗೆರೆಯಾಗಿ ನಿಲ್ಲುತ್ತದೆ. ಸಿಕ್ಕ ಹೆಣ್ಣುಗಳು ಹಾಪಾ ಸೇರಿದವು.

ಈಗ ಬೆಳಗಿನ ನೀರು 20 ಡಿಗ್ರಿ. ಮೊಟ್ಟೆಯೂ ಇಲ್ಲ, ಬೆಳವಣಿಗೆಯೂ ಇಲ್ಲ. ಮೇವು ಬಿಸಿಲೇರಿದ ಮೇಲೆ ಒಂದೇ ಹೊತ್ತು. ಪಾಚಿ ಮಾತ್ರ ಚಳಿಗೆ ಜಗ್ಗದೆ ಬಲೆಗೆ ಮೆತ್ತುತ್ತಿದೆ. ಬಲೆಯ ಕಣ್ಣು ಮುಚ್ಚಿದರೆ ಒಳಗೆ ನೀರಾಡುವುದಿಲ್ಲ, ಬೆಳಗಿನ ಜಾವ ಆಮ್ಲಜನಕ ಇಳಿಯುತ್ತದೆ, ಮುಂದೆ ಮೊಟ್ಟೆ ಜಾರದೆ ಎರಡನೇ ಪಂಜರವೂ ಹಾಪಾ ಆಗಿಬಿಡುತ್ತದೆ. ಬ್ರಷ್ ಹಿಡಿದು ಉಜ್ಜುವುದೇ ಸದ್ಯದ ದೊಡ್ಡ ಕೆಲಸ.

ಮರಿಗಳು ಹೊಂಡದಿಂದ ಹೊರಗೆ ಹೋಗಬಾರದು, ಅದರಲ್ಲಿ ರಾಜಿಯಿಲ್ಲ. 1952ರಲ್ಲಿ ಭಾರತಕ್ಕೆ ತಂದ ಮೊಜಾಂಬಿಕ್ ತಿಲಾಪಿಯಾ ಕೆರೆಗಳಲ್ಲಿ ಗಿಡ್ಡ ಮರಿಗಳನ್ನೇ ತುಂಬಿಸಿ, 1959ರಲ್ಲಿ ಸರ್ಕಾರವೇ ತಡೆ ಹಾಕಬೇಕಾಯಿತು. ಉಜನಿಯಲ್ಲಿ ಚಿಲಾಪಿ ಈಗಾಗಲೇ ತುಂಬಿದೆ ನಿಜ, ಹಾಗಂತ ನಾವೂ ಭೀಮಾ ನದಿಗೆ ಇನ್ನಷ್ಟು ಸೇರಿಸಬೇಕಿಲ್ಲ. ಹೊರಹರಿವಿಗೆ ಎರಡು ಜಾಲರಿ ಹಾಕಿದ್ದೇವೆ.

ಹೋಳಿ ಹಬ್ಬದ ಹೊತ್ತಿಗೆ ನೀರು ಬಿಸಿಯಾಗುವ ಮೊದಲೇ ಎರಡನೇ ಪಂಜರದ ಹೆಣ್ಣುಗಳನ್ನೆಲ್ಲ ತೆಗೆದು ಗಂಡುಗಳನ್ನಷ್ಟೇ ಉಳಿಸುತ್ತೇವೆ. ಭಿಗವಣದ ಮಾರುಕಟ್ಟೆಗೆ ಒಯ್ಯುವಷ್ಟು ದೊಡ್ಡವಲ್ಲ ಆ ಹೆಣ್ಣುಗಳು. ಹುರಿಯಲು ಆ ಅಳತೆಯೇ ಚಲೋ ಅಂತ ಕಾಕಾನ ಹೆಂಡತಿ ಕಾಕು ಆಗಲೇ ಹೇಳಿಟ್ಟಾಳೆ.